ನಿಮ್ಮ ಹೆಸರು ಹುಡುಕಿದರೆ ಏನು ಸಿಗುತ್ತದೆ? ಕೆಲಸಕ್ಕೆ ಸೇರಿ ಎರಡು-ಮೂರು ವರ್ಷವಾದವರಿಗೆ ಒಂದು ಮಾರ್ಗದರ್ಶಿ

"ಕೆಲಸ ಚೆನ್ನಾಗಿಯೇ ಮಾಡುತ್ತೇನೆ. ಆದರೆ ನನ್ನ ಟೀಮ್ ಬಿಟ್ಟರೆ ಹೊರಗೆ ಯಾರಿಗೂ ಗೊತ್ತಿಲ್ಲ. ಲಿಂಕ್ಡ್‌ಇನ್‌ನಲ್ಲಿ ದಿನಾ ಪೋಸ್ಟ್ ಹಾಕಬೇಕಾ?" ಈ ಪ್ರಶ್ನೆ ನನಗೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಕೇಳುವವರು ಹೆಚ್ಚಾಗಿ ಮೊದಲ ಕೆಲಸದಲ್ಲಿರುವವರು, ಇಲ್ಲವೇ ಎರಡನೆಯದನ್ನು ಹುಡುಕುತ್ತಿರುವವರು. ಒಬ್ಬೊಬ್ಬರಿಗೂ ಅದನ್ನೇ ಬರೆದು ಬರೆದು ಸಾಕಾಗಿ, ಎಲ್ಲವನ್ನೂ ಇಲ್ಲಿ ಒಂದೇ ಕಡೆ ಇಟ್ಟಿದ್ದೇನೆ.

ಚಿಕ್ಕ ಉತ್ತರ: ದಿನಾ ಪೋಸ್ಟ್ ಹಾಕಬೇಕಿಲ್ಲ. ನಿಮ್ಮ ಪರಿಚಯವೇ ಇಲ್ಲದವರು ನಿಮ್ಮ ಹೆಸರನ್ನು ಗೂಗಲ್‌ನಲ್ಲಿ ಹಾಕಿದರೆ, ಎರಡು ನಿಮಿಷದೊಳಗೆ "ಓ, ಇವರಿಗೆ ಈ ಕೆಲಸ ಬರುತ್ತದೆ" ಅನ್ನುವುದಕ್ಕೆ ಒಂದು ಪುರಾವೆ ಸಿಗಬೇಕು. ಕೆಳಗಿನ ಎಲ್ಲ ಹಂತಗಳೂ ಆ ಎರಡು ನಿಮಿಷಕ್ಕಾಗಿಯೇ.

ಹೀಗೆ ಕೆಲಸದಿಂದ ಹೆಸರು ಕಟ್ಟಿಕೊಳ್ಳುವುದಕ್ಕೆ 'ಪರ್ಸನಲ್ ಬ್ರ್ಯಾಂಡ್' ಅನ್ನುತ್ತಾರೆ. ಆ ಮಾತು ಅಂದ ಕೂಡಲೇ ನಮ್ಮಲ್ಲಿ ಅನೇಕರಿಗೆ ಮುಜುಗರ. ತುಂಬಿದ ಕೊಡ ತುಳುಕುವುದಿಲ್ಲ ಅಂತ ಕೇಳಿಕೊಂಡೇ ಬೆಳೆದವರು ನಾವು. ಸರಿ, ತುಳುಕುವುದು ಬೇಡ. ಆದರೆ ಬಾಯಾರಿದವರಿಗೆ ಕೊಡ ಎಲ್ಲಿದೆ ಅಂತಾದರೂ ಗೊತ್ತಾಗಬೇಕು ಅಲ್ವಾ? ಮಾಡದ್ದನ್ನು ಹೇಳಿಕೊಂಡರೆ ಅದು ಬಿಲ್ಡಪ್. ಮಾಡಿದ್ದು ಕೈಗೆ ಸಿಗುವಂತೆ ಇಟ್ಟರೆ ಅದು ಗುರುತು. ಈ ಲೇಖನ ಎರಡನೆಯದರ ಬಗ್ಗೆ.

ಏನೇನು ಬೇಕು

ವಾರಕ್ಕೆ ಮೂರು ಗಂಟೆಯಂತೆ ಮೂರು ತಿಂಗಳು ಬೇಕು. ನಿಮ್ಮದೇ ಆದ ಒಂದು ಇಮೇಲ್ ಬೇಕು, ಆಫೀಸಿನದಲ್ಲ. ಮುಖ ಸ್ಪಷ್ಟವಾಗಿ ಕಾಣುವ ಒಂದು ಫೋಟೊ, ಬರೆದುಕೊಳ್ಳಲು ಒಂದು ನೋಟ್‌ಬುಕ್. ದುಡ್ಡು ಬೇಕಿಲ್ಲ. ನಿಮ್ಮ ಬ್ರ್ಯಾಂಡ್ ನಾವೇ ಕಟ್ಟಿಕೊಡುತ್ತೇವೆ ಅಂತ ವಾರಾಂತ್ಯದ ಕೋರ್ಸಿಗೆ ಹಣ ಕೇಳುವವರು ಸಿಕ್ಕರೆ, ಆ ಹಣದಲ್ಲಿ ಒಳ್ಳೆಯ ಕುರ್ಚಿ ಕೊಳ್ಳಿ. ಬೆನ್ನಿಗಾದರೂ ಉಪಕಾರ.

ಹಂತ 1: ಮೊದಲು ನಿಯಮ ನೋಡಿ

ಹೆಚ್ಚಿನವರು ಈ ಹಂತವನ್ನು ಹಾರಿ ಹೋಗುತ್ತಾರೆ. ಆಮೇಲೆ ತಲೆನೋವು.

ಕೆಲವು ವೃತ್ತಿಗಳಲ್ಲಿ ತನ್ನ ಬಗ್ಗೆ ಜಾಹೀರಾತು ಮಾಡಿಕೊಳ್ಳುವುದೇ ತಪ್ಪು. ವಕೀಲರಿಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ 36 ಇದೆ. ಅದರ ಪ್ರಕಾರ ಕೆಲಸ ಕೊಡಿ ಎಂದು ಕೇಳುವುದಾಗಲಿ, ಜಾಹೀರಾತು ಕೊಡುವುದಾಗಲಿ ಕೂಡದು. 2008ರ ತಿದ್ದುಪಡಿಯ ನಂತರ ವೆಬ್‌ಸೈಟ್ ಇಟ್ಟುಕೊಂಡು ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ಯಾವ ಬಗೆಯ ಮೊಕದ್ದಮೆ ನಡೆಸುತ್ತೀರಿ ಎಂಬಂಥ ಮಾಹಿತಿ ಹಾಕಬಹುದು, ಅಷ್ಟೇ. ಚಾರ್ಟರ್ಡ್ ಅಕೌಂಟೆಂಟ್‌ಗಳಿಗೆ ಅವರ ಸಂಸ್ಥೆಯ ನೀತಿ ಸಂಹಿತೆ ಇದೆ. ವೈದ್ಯರಿಗೆ 2002ರ ವೃತ್ತಿ ನಡತೆ ನಿಯಮಗಳಿವೆ. ಈ ಮೂವರೂ ವಿಷಯ ತಿಳಿಸುವ ಬರಹ ಬರೆಯಬಹುದು. "ನನ್ನ ಬಳಿ ಬನ್ನಿ" ಅನ್ನುವ ಧಾಟಿ ಮಾತ್ರ ಬೇಡ. ಸರ್ಕಾರಿ ನೌಕರರು ತಮ್ಮ ನಡತೆ ನಿಯಮ ಓದದೆ ಒಂದು ಸಾಲನ್ನೂ ಪೋಸ್ಟ್ ಮಾಡುವುದು ಬೇಡ.

ಷೇರು ಮಾರುಕಟ್ಟೆಯ ಹುಚ್ಚು ಇರುವವರಿಗೆ ಒಂದು ಮಾತು. ಹಣ ಉಳಿಸುವುದು ಹೇಗೆ ಅಂತ ವಿವರಿಸುವುದು ಬೇರೆ, "ಈ ಷೇರು ಕೊಳ್ಳಿ" ಅಂತ ಸಲಹೆ ಮಾರುವುದು ಬೇರೆ. ಎರಡನೆಯದಕ್ಕೆ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನೋಂದಣಿ ಬೇಕು.

ಐಟಿ ಮತ್ತು ಖಾಸಗಿ ಕಂಪನಿಗಳವರು ನೇಮಕಾತಿ ಪತ್ರವನ್ನು ತೆಗೆದು ಎರಡು ಕಡೆ ಓದಿ. ಒಂದು, ಸೋಷಿಯಲ್ ಮೀಡಿಯಾ ನೀತಿ. ಇನ್ನೊಂದು, ಹೊರಗಿನ ಕೆಲಸದ ಬಗ್ಗೆ ಇರುವ ಷರತ್ತು. ಆಫೀಸಿಗೆ ಹೇಳದೆ ಪಕ್ಕದಲ್ಲಿ ಇನ್ನೊಂದು ಕೆಲಸ ಮಾಡುವುದಕ್ಕೆ ಮೂನ್‌ಲೈಟಿಂಗ್ ಅನ್ನುತ್ತಾರೆ. 2022ರ ಸೆಪ್ಟೆಂಬರ್‌ನಲ್ಲಿ ವಿಪ್ರೋ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಇದೇ ಕಾರಣಕ್ಕೆ 300 ಮಂದಿಯನ್ನು ತೆಗೆದಿದ್ದೇವೆ ಎಂದು ಬಹಿರಂಗವಾಗಿಯೇ ಹೇಳಿದ್ದರು. ಬ್ಲಾಗ್ ಬರೆಯುವುದು ಮೂನ್‌ಲೈಟಿಂಗ್ ಅಲ್ಲ. ಆದರೆ ಬ್ಲಾಗ್ ನೋಡಿ ಯಾರೋ ಸಂಬಳದ ಕೆಲಸ ಕೊಟ್ಟರು ಅನ್ನಿ, ಆಗ ಪ್ರಶ್ನೆ ಏಳುತ್ತದೆ. ಅನುಮಾನ ಇದ್ದರೆ ಎಚ್‌ಆರ್‌ಗೆ ಎರಡು ಸಾಲಿನ ಇಮೇಲ್ ಹಾಕಿ. ಉತ್ತರವನ್ನು ಜೋಪಾನ ಮಾಡಿ.

ಹಂತ 2: ನಿಮ್ಮನ್ನು ನೀವೇ ಹುಡುಕಿ

ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಅಂದರೆ ನಿಮ್ಮ ಹಳೆಯ ಹುಡುಕಾಟದ ನೆನಪಿಲ್ಲದ, ಲಾಗಿನ್ ಆಗಿರದ ಕಿಟಕಿ. ನಿಮ್ಮ ಹೆಸರನ್ನು ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಹಾಕಿ ನೋಡಿ. ಆಮೇಲೆ ಹೆಸರಿನ ಜೊತೆ ಕಾಲೇಜು, ಹೆಸರಿನ ಜೊತೆ ಊರು, ಕೊನೆಗೆ ಚಿತ್ರಗಳು.

ಸಾಮಾನ್ಯವಾಗಿ ಸಿಗುವುದು ಇಷ್ಟು: ಕಾಲೇಜಿನ ಫಲಿತಾಂಶದ ಪಟ್ಟಿ, ಅರ್ಧಕ್ಕೆ ಬಿಟ್ಟ ಬ್ಲಾಗ್, ಪಿಯುಸಿ ಕಾಲದ ಫೇಸ್‌ಬುಕ್ ಜಗಳ. ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ ಹಳೆಯ ಪೋಸ್ಟ್‌ಗಳನ್ನೆಲ್ಲ ಒಂದೇ ಸಲಕ್ಕೆ ಸ್ನೇಹಿತರಿಗಷ್ಟೇ ಕಾಣುವಂತೆ ಮಾಡುವ ಸೌಲಭ್ಯ ಇದೆ. ಅದನ್ನು ಬಳಸಿ.

ಇದಕ್ಕಿಂತ ಅಪಾಯದ್ದು ಹಳೆಯ ರೆಸ್ಯುಮೆ. ಕಾಲೇಜು ಮುಗಿಸುವಾಗ ಬಯೊಡೇಟಾ ಅಂತ ಮಾಡಿ, ಅದರಲ್ಲಿ ಹುಟ್ಟಿದ ದಿನ, ತಂದೆಯ ಹೆಸರು, ಮನೆ ವಿಳಾಸ, ಮೊಬೈಲ್ ನಂಬರ್ ಎಲ್ಲ ತುಂಬಿಸಿ ಎಲ್ಲೆಲ್ಲೋ ಅಪ್‌ಲೋಡ್ ಮಾಡಿರುತ್ತೇವೆ. ಮೋಸ ಮಾಡುವವರಿಗೆ ಅದಕ್ಕಿಂತ ಜಾಸ್ತಿ ಏನು ಬೇಕು? ಹುಡುಕಿ ಅಳಿಸಿ. ಹೊಸ ರೆಸ್ಯುಮೆಯಲ್ಲಿ ಊರು, ಇಮೇಲ್, ಫೋನ್ ನಂಬರ್ ಸಾಕು. ಎಲ್ಲರಿಗೂ ಕಾಣುವ ಪ್ರತಿಯಲ್ಲಿ ಫೋನ್ ನಂಬರೂ ಬೇಡ.

ಹಂತ 3: ಹೆಸರನ್ನು ಒಂದೇ ರೂಪಕ್ಕೆ ತನ್ನಿ

ಹೊರದೇಶದವರು ಬರೆದ ಮಾರ್ಗದರ್ಶಿಗಳಲ್ಲಿ ಈ ಹಂತ ಇರುವುದೇ ಇಲ್ಲ. ನಮಗೆ ಮಾತ್ರ ಇದೇ ದೊಡ್ಡ ತೊಡಕು.

ಮಂಜುನಾಥ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದು ಇನಿಷಿಯಲ್. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು, ಹಾಗಾಗಿ ಅಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಪೂರ್ತಿಯಾಗಿ ಬಂದು ಕೂರುತ್ತದೆ. ಆಫೀಸಿನ ಫಾರ್ಮ್ 'ಲಾಸ್ಟ್ ನೇಮ್' ಕಡ್ಡಾಯ ಅನ್ನುತ್ತದೆ, ಅಲ್ಲಿ 'ಎಚ್' ಅಂತ ಒಂದೇ ಅಕ್ಷರ ಹಾಕುತ್ತೇವೆ. ಆಮೇಲೆ ವಿದೇಶದ ಕ್ಲೈಂಟ್ "ಡಿಯರ್ ಎಚ್" ಅಂತ ಪತ್ರ ಬರೆಯುತ್ತಾರೆ.

ಸ್ಪೆಲ್ಲಿಂಗ್ ಕಥೆ ಬೇರೆ. ನಾವು 'ತ'ಕ್ಕೆ ಟಿ ಜೊತೆ ಎಚ್ ಸೇರಿಸುತ್ತೇವೆ, ಉತ್ತರ ಭಾರತದವರು ಬರೀ ಟಿ ಬರೆಯುತ್ತಾರೆ. ಹಳೇ ಮೈಸೂರಿನ ಕಡೆ 'ಗೌಡ' ಬರೆಯುವಾಗ ಡಬ್ಲ್ಯು ಬರುತ್ತದೆ, ಉತ್ತರ ಕರ್ನಾಟಕದಲ್ಲಿ ಯು. ಹೆಸರಿನ ಕೊನೆಗೆ 'ಎ' ಇರಬೇಕೋ ಬೇಡವೋ ಅನ್ನುವುದು ಒಂದೇ ಮನೆಯ ಅಣ್ಣತಮ್ಮಂದಿರಲ್ಲೂ ಬೇರೆ ಬೇರೆ. ಗೂಗಲ್‌ಗೆ ಇವೆಲ್ಲ ಬೇರೆ ಬೇರೆ ಜನ ಇದ್ದ ಹಾಗೆ. ನಿಮ್ಮ ಪ್ರೊಫೈಲ್ ಒಂದು ಸ್ಪೆಲ್ಲಿಂಗ್‌ನಲ್ಲಿ, ನಿಮ್ಮ ಲೇಖನ ಇನ್ನೊಂದು ಸ್ಪೆಲ್ಲಿಂಗ್‌ನಲ್ಲಿ ಇದ್ದರೆ ಎರಡೂ ಸೇರಿ ಒಬ್ಬ ಮನುಷ್ಯ ಆಗುವುದಿಲ್ಲ. ನನ್ನದೇ ಅಂಕಪಟ್ಟಿ ಮತ್ತು ರೆಸ್ಯುಮೆಯಲ್ಲಿ ಒಂದಕ್ಷರ ಬೇರೆ ಇದ್ದುದಕ್ಕೆ, ಹಿನ್ನೆಲೆ ಪರಿಶೀಲನೆ ಎರಡು ವಾರ ನಿಂತಿತ್ತು.

ಹೀಗೆ ಮಾಡಿ. ಅಂಕಪಟ್ಟಿಯ ಸ್ಪೆಲ್ಲಿಂಗನ್ನೇ ಆಧಾರ ಮಾಡಿಕೊಳ್ಳಿ, ಏಕೆಂದರೆ ಕೆಲಸದ ಪರಿಶೀಲನೆ ಅದರಿಂದಲೇ ಶುರು. ಇನಿಷಿಯಲ್ ಬಿಡಿಸಿ ಬರೆಯಬೇಕೋ ಹಾಗೇ ಇಡಬೇಕೋ ಈಗಲೇ ತೀರ್ಮಾನಿಸಿ. ನನ್ನ ಸಲಹೆ ಬಿಡಿಸಿ ಬರೆಯಿರಿ ಅಂತ. ತೀರಾ ಸಾಮಾನ್ಯ ಹೆಸರಾದರೆ ಊರಿನ ಹೆಸರು ಸೇರಿಸಿಕೊಳ್ಳಿ. ಇದೇನು ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಎಷ್ಟೋ ಮನೆತನಗಳಿಗೆ ಊರ ಹೆಸರೇ ಅಡ್ಡಹೆಸರು. ಆಮೇಲೆ ಅದೇ ರೂಪವನ್ನು ಲಿಂಕ್ಡ್‌ಇನ್, ಗಿಟ್‌ಹಬ್ (ಕೋಡ್ ಬರೆಯುವವರು ತಮ್ಮ ಕೆಲಸ ಇಡುವ ಜಾಲತಾಣ), ರೆಸ್ಯುಮೆ, ಇಮೇಲ್ ಸಹಿ, ಬರಹದ ಕೆಳಗಿನ ಹೆಸರು ಎಲ್ಲ ಕಡೆ ಹಾಕಿ.

ಹೆಣ್ಣುಮಕ್ಕಳು ಜಾಸ್ತಿ ಕೇಳುವ ಪ್ರಶ್ನೆ ಮದುವೆಯ ನಂತರದ ಹೆಸರಿನ ಬಗ್ಗೆ. ಹೆಸರು ಬದಲಿಸಲೇಬೇಕು ಎಂಬ ಕಾನೂನು ಇಲ್ಲ. ವೃತ್ತಿಯಲ್ಲಿ ಹಳೆಯ ಹೆಸರನ್ನೇ ಉಳಿಸಿಕೊಳ್ಳಬಹುದು. ಬದಲಿಸುವುದಾದರೆ ಲಿಂಕ್ಡ್‌ಇನ್‌ನಲ್ಲಿ ಹಿಂದಿನ ಹೆಸರು ಹಾಕಲು ಬೇರೆ ಜಾಗವೇ ಇದೆ, ತುಂಬಿಸಿ. ಇಲ್ಲದಿದ್ದರೆ ಹಳೆಯ ಹೆಸರಿನಲ್ಲಿ ಮಾಡಿದ ಕೆಲಸಕ್ಕೆ ವಾರಸುದಾರರೇ ಇಲ್ಲದಂತಾಗುತ್ತದೆ.

ಲಿಂಕ್ಡ್‌ಇನ್ ಮೊಬೈಲ್ ಆಪ್‌ನಲ್ಲಿ ನಿಮ್ಮ ಹೆಸರಿನ ಉಚ್ಚಾರಣೆಯನ್ನು 10 ಸೆಕೆಂಡಿನೊಳಗೆ ರೆಕಾರ್ಡ್ ಮಾಡಿ ಇಡಬಹುದು. ಹೆಸರಿನಲ್ಲಿ 'ಳ', 'ಣ' ಇರುವವರು ದಯವಿಟ್ಟು ಮಾಡಿ.

ಇಮೇಲ್ ವಿಳಾಸವೂ ಹೆಸರಿನದೇ ಆಗಿರಲಿ. ಹುಟ್ಟಿದ ವರ್ಷ ಸೇರಿಸಬೇಡಿ. ಜಿಮೇಲ್ ವಿಳಾಸದಲ್ಲಿ ಚುಕ್ಕಿಗೆ ಲೆಕ್ಕವಿಲ್ಲ. ಹಾಗಾಗಿ ಹೆಸರು ಸಿಗಲಿಲ್ಲ ಅಂತ ನಡುವೆ ಚುಕ್ಕಿ ಹಾಕಿ ಪ್ರಯತ್ನಿಸಿದರೆ ಪ್ರಯೋಜನವಿಲ್ಲ.

ಹಂತ 4: ಒಂದು ವಿಷಯ ಹಿಡಿಯಿರಿ

ನಿಮ್ಮ ಹೆಸರು ಕೇಳಿದರೆ ಯಾವ ಒಂದು ಕೆಲಸ ನೆನಪಾಗಬೇಕು? ಖಾಲಿ ಕುಳಿತು ಯೋಚಿಸಿದರೆ ಇದಕ್ಕೆ ಉತ್ತರ ಹೊಳೆಯುವುದಿಲ್ಲ. ಬೇರೆ ದಾರಿ ಇದೆ. ಕಳೆದ ಮೂರು ತಿಂಗಳ ಆಫೀಸ್ ಚಾಟ್, ವಾಟ್ಸಾಪ್ ತೆಗೆದು ನೋಡಿ. ಸಹೋದ್ಯೋಗಿಗಳು, ಸ್ನೇಹಿತರು ನಿಮ್ಮ ಹತ್ತಿರ ಯಾವ ಸಹಾಯ ಪದೇ ಪದೇ ಕೇಳಿದ್ದಾರೆ? "ಈ ಎಕ್ಸೆಲ್ ಸ್ವಲ್ಪ ನೋಡ್ತೀಯಾ", "ಕ್ಲೈಂಟ್‌ಗೆ ಹೇಗೆ ಹೇಳೋದು ಹೇಳು". ಅಲ್ಲಿಯೇ ಉತ್ತರ ಇದೆ. ಜನ ಆಗಲೇ ನಿಮ್ಮನ್ನು ಒಂದು ವಿಷಯಕ್ಕೆ ಗುರುತಿಸಿದ್ದಾರೆ, ನೀವು ಗಮನಿಸಿಲ್ಲ ಅಷ್ಟೇ.

ಈಗ ಒಂದು ಸಾಲು ಬರೆಯಿರಿ. ಅದರಲ್ಲಿ ಮೂರು ಸಂಗತಿ ಇರಬೇಕು: ಯಾರಿಗೆ, ಅವರ ಯಾವ ಕಷ್ಟ, ನೀವು ಅದಕ್ಕೆ ಏನು ಮಾಡುತ್ತೀರಿ.

"ಪ್ಯಾಷನೇಟ್ ಸಾಫ್ಟ್‌ವೇರ್ ಟೆಸ್ಟರ್" ಅಂದರೆ ಏನೂ ತಿಳಿಯುವುದಿಲ್ಲ. "ಪೇಮೆಂಟ್ ಆಪ್‌ಗಳಲ್ಲಿ ಖಾತೆಯಿಂದ ಹಣ ಕಟ್ ಆಗಿಯೂ ಪಾವತಿ ಆಗದಂಥ ದೋಷಗಳನ್ನು ಬಿಡುಗಡೆಗೆ ಮುಂಚೆಯೇ ಹಿಡಿಯುವ ಟೆಸ್ಟರ್" ಅಂದರೆ ಕೇಳಿದವರ ಕಿವಿ ನೆಟ್ಟಗಾಗುತ್ತದೆ. "ಸಿವಿಲ್ ಎಂಜಿನಿಯರ್" ಸಾವಿರಾರು ಮಂದಿ ಇದ್ದಾರೆ. "30×40 ಸೈಟಿನ ಮನೆಗಳಿಗೆ ಮಳೆನೀರು ಕೊಯ್ಲು ವಿನ್ಯಾಸ ಮಾಡುವ ಸಿವಿಲ್ ಎಂಜಿನಿಯರ್" ಅಷ್ಟು ಮಂದಿ ಇಲ್ಲ.

ಒಂದೇ ವಿಷಯಕ್ಕೆ ಕಟ್ಟಿಬಿದ್ದರೆ ಬೇರೆ ಅವಕಾಶ ತಪ್ಪುವುದಿಲ್ಲವೇ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲ್ 1943ರಿಂದ ಇದೆ, ಮಸಾಲೆ ದೋಸೆಗೆ ಹೆಸರು. ಹಾಗಂತ ಒಳಗೆ ಹೋದವರಿಗೆ ಕಾಫಿ ಸಿಗುವುದಿಲ್ಲವೇ? ಜನ ದೋಸೆಗೆ ಅಂತ ಬರುತ್ತಾರೆ, ಬಂದ ಮೇಲೆ ಉಳಿದದ್ದನ್ನೂ ತಿನ್ನುತ್ತಾರೆ. ಎರಡು ವರ್ಷದ ನಂತರ ನಿಮ್ಮ ವಿಷಯ ಬದಲಾದರೂ ಏನೂ ಆಗುವುದಿಲ್ಲ.

ಹಂತ 5: ಪುರಾವೆ ಕೂಡಿಡಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ.

ಪ್ರತಿ ಶುಕ್ರವಾರ ಮನೆಗೆ ಹೊರಡುವ ಮುಂಚೆ 15 ನಿಮಿಷ ಕೂತು ನಾಲ್ಕು ಸಾಲು ಬರೆಯಿರಿ. ಏನು ಕೆಟ್ಟಿತ್ತು? ನಾನು ಏನು ಮಾಡಿದೆ? ಏನಾಯಿತು? ಜೊತೆಗೆ ಯಾರಿದ್ದರು? ಕೊನೆಯ ಪ್ರಶ್ನೆ ಬಿಡಬೇಡಿ. ಆರು ತಿಂಗಳ ನಂತರ ಬರೆಯುವಾಗ ನಮ್ಮ ನೆನಪು ಬೇರೆಯವರ ಕೆಲಸವನ್ನೂ ನಮ್ಮ ಖಾತೆಗೆ ಹಾಕಿಬಿಡುತ್ತದೆ. ಬೇಕಂತಲೇ ಅಲ್ಲ, ಮನಸ್ಸಿನ ಗುಣವೇ ಹಾಗೆ. ಅಪ್ರೈಸಲ್ ಬಂದಾಗಲೂ ಈ ಡೈರಿ ಕೈಹಿಡಿಯುತ್ತದೆ.

ಎಚ್ಚರಿಕೆ: ಡೈರಿಯಲ್ಲಿ ನಿಮ್ಮ ಮಾತು ಮಾತ್ರ ಇರಲಿ. ಆಫೀಸಿನ ಫೈಲ್, ಸ್ಕ್ರೀನ್‌ಶಾಟ್, ಗ್ರಾಹಕರ ಹೆಸರು ಯಾವುದೂ ನಿಮ್ಮ ಸ್ವಂತ ಖಾತೆಗೆ ಬರಕೂಡದು.

ಮೂರು ತಿಂಗಳಲ್ಲಿ ಹನ್ನೆರಡು-ಹದಿಮೂರು ಟಿಪ್ಪಣಿ ಆಗುತ್ತವೆ. ಅದರಲ್ಲಿ ಮೂರನ್ನು ಆರಿಸಿ ಹೊರಗಿನವರು ನೋಡುವಂತೆ ಮಾಡಿ. "ನನ್ನದು ಎನ್‌ಡಿಎ ಇರುವ ಪ್ರಾಜೆಕ್ಟ್, ಏನೂ ತೋರಿಸುವಂತಿಲ್ಲ" ಅಂತ ಇಲ್ಲಿಯೇ ಅರ್ಧ ಜನ ನಿಂತುಬಿಡುತ್ತಾರೆ. ಎನ್‌ಡಿಎ ಅಂದರೆ ಆಫೀಸಿನ ಗುಟ್ಟು ಹೊರಗೆ ಬಿಡುವುದಿಲ್ಲ ಎಂಬ ಒಪ್ಪಂದ. ಅದನ್ನು ಮುರಿಯಬೇಡಿ. ಅದೇ ಕೌಶಲವನ್ನು ಎಲ್ಲರಿಗೂ ಸಿಗುವ ಮಾಹಿತಿಯ ಮೇಲೆ ಮತ್ತೆ ಮಾಡಿ ತೋರಿಸಿ. ಕೇಂದ್ರ ಸರ್ಕಾರದ ಡೇಟಾ ಪೋರ್ಟಲ್ ಇದೆ. ನಗರಗಳ ಮಾಹಿತಿಗೆ ಓಪನ್‌ಸಿಟಿ ಎಂಬ ಜಾಲತಾಣ ಇದೆ. ಬ್ಯಾಂಕಿನ ವರದಿ ತೋರಿಸಲಾಗದವರು, ಅದೇ ವಿಧಾನದಲ್ಲಿ ಬೆಂಗಳೂರಿನ ವಾರ್ಡುಗಳ ವರದಿ ಮಾಡಿ ತೋರಿಸಬಹುದು.

ಒಳ್ಳೆಯ ಪುರಾವೆ ಹೇಗಿರುತ್ತದೆ ಅನ್ನುವುದಕ್ಕೆ ಮೇಲಿನ ಸಿವಿಲ್ ಎಂಜಿನಿಯರ್‌ನನ್ನೇ ನೋಡೋಣ. ಬೆಂಗಳೂರಿನಲ್ಲಿ 1,200 ಚದರಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿ ಹೊಸದಾಗಿ ಮನೆ ಕಟ್ಟಿದರೆ ಮಳೆನೀರು ಕೊಯ್ಲು ಕಡ್ಡಾಯ. ಅಂದರೆ ನಮ್ಮ ಮಾಮೂಲಿ 30×40 ಸೈಟು ಅದರಲ್ಲಿ ಬಂತು. ಆತ ಒಂದು ಪುಟ ಬರೆಯುತ್ತಾನೆ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ತಾರಸಿ 100 ಚದರ ಮೀಟರ್ ಇದ್ದು, ವರ್ಷಕ್ಕೆ 900 ಮಿಲಿಮೀಟರ್ ಮಳೆ ಅಂತ ಹಿಡಿದರೆ 90,000 ಲೀಟರ್. ಆವಿಯಾಗಿ, ಸೋರಿ ಐದನೇ ಒಂದು ಭಾಗ ಹೋಯಿತು ಅಂದುಕೊಂಡರೂ 72,000 ಲೀಟರ್. ಆಮೇಲೆ ಟ್ಯಾಂಕ್ ಎಷ್ಟು ದೊಡ್ಡದು ಬೇಕು, ಫಿಲ್ಟರ್ ಎಲ್ಲಿ ಬರಬೇಕು, ತಾನು ಮೊದಲ ಸಲ ಎಲ್ಲಿ ತಪ್ಪಿದ. ಜೊತೆಗೆ ಕೈಯಲ್ಲಿ ಬಿಡಿಸಿದ ಒಂದು ಚಿತ್ರ.

ಈ ಒಂದು ಪುಟ ಓದಿದವರಿಗೆ ಆತನ ಪದವಿ ಯಾವ ದರ್ಜೆ ಅಂತ ಕೇಳುವ ಮನಸ್ಸೂ ಬರುವುದಿಲ್ಲ. ಎಲ್ಲಿ ತಪ್ಪಿದೆ ಅನ್ನುವ ಭಾಗವನ್ನು ಬಿಡಬೇಡಿ. ನಂಬಿಕೆ ಹುಟ್ಟುವುದು ಅಲ್ಲೇ.

ಕೋಡ್ ಬರೆಯುವವರಿಗೆ ಎರಡು ಮಾತು. ಗಿಟ್‌ಹಬ್‌ನಲ್ಲಿ 40 ಅರೆಬರೆ ಪ್ರಾಜೆಕ್ಟ್ ಇಡುವ ಬದಲು ಮೂರು ಪೂರ್ತಿಯಾದವು ಇಡಿ. ಪ್ರತಿಯೊಂದಕ್ಕೂ ರೀಡ್‌ಮಿ ಇರಲಿ. ರೀಡ್‌ಮಿ ಅಂದರೆ ಇದು ಏನು, ಹೇಗೆ ನಡೆಸುವುದು ಅಂತ ಹೇಳುವ ಮುಖಪುಟ. ಮತ್ತೆ, ಪಾಸ್‌ವರ್ಡ್ ಅಥವಾ ಎಪಿಐ ಕೀ ಕೋಡಿನ ಜೊತೆ ಹೋಗಿಬಿಟ್ಟಿತಾ? ಫೈಲ್ ಅಳಿಸಿದರೆ ಸಾಲದು, ಹಳೆಯ ಆವೃತ್ತಿಗಳಲ್ಲಿ ಅದು ಉಳಿದಿರುತ್ತದೆ. ಮೊದಲು ಆ ಕೀಯನ್ನೇ ರದ್ದು ಮಾಡಿ.

ಹಂತ 6: ಲಿಂಕ್ಡ್‌ಇನ್ ಪ್ರೊಫೈಲ್ ತುಂಬಿಸಿ

ಪುರಾವೆ ತಯಾರಾದ ಮೇಲೆ ಈ ಕೆಲಸ ಒಂದು ಮಧ್ಯಾಹ್ನದ್ದು. ಮುಂಚೆಯೇ ಕೂತರೆ ಮೂರು ದಿನ ಕೂತರೂ ಮುಗಿಯುವುದಿಲ್ಲ, ಏಕೆಂದರೆ ಬರೆಯಲು ಏನೂ ಇರುವುದಿಲ್ಲ.

ಫೋಟೊ: ಕಿಟಕಿಯ ಬೆಳಕಿಗೆ ಮುಖ ಮಾಡಿ ನಿಂತು ಸ್ನೇಹಿತರ ಕೈಯಲ್ಲಿ ತೆಗೆಸಿ. ಮದುವೆ ಫೋಟೊ ಕತ್ತರಿಸಿ ಹಾಕಬೇಡಿ, ಪಕ್ಕದವರ ಭುಜ ಕಾಣುತ್ತಿರುತ್ತದೆ.

ಹೆಡ್‌ಲೈನ್: ಹೆಸರಿನ ಕೆಳಗೆ ಬರುವ ಸಾಲು. 220 ಅಕ್ಷರಗಳ ಮಿತಿ ಇದೆ. ನಾಲ್ಕನೇ ಹಂತದ ಸಾಲನ್ನೇ ಇಲ್ಲಿ ಹಾಕಿ. ಮುಖ್ಯ ಪದಗಳು ಮೊದಲಿಗೆ ಬರಲಿ, ಹುಡುಕಾಟದ ಪಟ್ಟಿಯಲ್ಲಿ ಬಾಲ ಕತ್ತರಿಸಿ ಹೋಗುತ್ತದೆ.

ಅಬೌಟ್: 2,600 ಅಕ್ಷರ ಬರೆಯಬಹುದು, ಆದರೆ ಮೊದಲ ಮೂರು-ನಾಲ್ಕು ಸಾಲು ಮಾತ್ರ ಮೊದಲಿಗೆ ಕಾಣುತ್ತದೆ. ಅಷ್ಟರಲ್ಲಿ ನಿಮ್ಮ ಒಂದು ವಿಷಯ ಮತ್ತು ಒಂದು ಪುರಾವೆ ಬರಬೇಕು. "ಡೈನಾಮಿಕ್", "ರಿಸಲ್ಟ್ ಓರಿಯೆಂಟೆಡ್", "ಸಿನರ್ಜಿ" ಇಂಥ ಪದ ಕಂಡರೆ ಅಳಿಸಿ. ಎದುರಿಗೆ ಕೂತ ಅತ್ತಿಗೆಗೆ ವಿವರಿಸುವಂತೆ ಬರೆಯಿರಿ.

ವಿಳಾಸ: ಲಿಂಕ್ಡ್‌ಇನ್ ನಿಮಗೆ ಕೊಡುವ ಕೊಂಡಿಯ ಕೊನೆಯಲ್ಲಿ ಅಕ್ಷರ, ಅಂಕಿಗಳ ಬಾಲ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಮ್ಮ ಹೆಸರಿಗೆ ಬದಲಿಸಿ.

ಫೀಚರ್ಡ್: ನೀವು ಆರಿಸಿದ್ದನ್ನು ಎದ್ದು ಕಾಣುವಂತೆ ತೋರಿಸುವ ಭಾಗ. ಮೂರು ಪುರಾವೆಗಳು ಇಲ್ಲಿ ಕೂರುತ್ತವೆ. ಎರಡು ನಿಮಿಷದ ಓದುಗರು ಮೊದಲು ಕ್ಲಿಕ್ ಮಾಡುವುದು ಇಲ್ಲೇ.

'ಓಪನ್ ಟು ವರ್ಕ್' ಬಗ್ಗೆ ಒಂದು ಕಿವಿಮಾತು. ಅದರಲ್ಲಿ ಎರಡು ಬಗೆ ಇದೆ. ಎಲ್ಲರಿಗೂ ಕಾಣುವ ಹಸಿರು ಪಟ್ಟಿ ಒಂದು, ನೇಮಕಾತಿ ಮಾಡುವವರಿಗೆ ಮಾತ್ರ ಕಾಣುವುದು ಇನ್ನೊಂದು. ಎರಡನೆಯದರಲ್ಲಿ ನಿಮ್ಮದೇ ಕಂಪನಿಯ ನೇಮಕಾತಿಯವರಿಗೆ ಕಾಣದಂತೆ ಲಿಂಕ್ಡ್‌ಇನ್ ಪ್ರಯತ್ನಿಸುತ್ತದೆ, ಆದರೆ ಪೂರ್ತಿ ಗ್ಯಾರಂಟಿ ಕೊಡುವುದಿಲ್ಲ. ಮ್ಯಾನೇಜರ್‌ಗೆ ಗೊತ್ತಾದರೆ ಕಷ್ಟ ಅನ್ನುವವರು ಇದನ್ನು ನೆನಪಿಡಿ.

ಹಂತ 7: ಬರೆಯಿರಿ, ಆದರೆ ಅಳತೆಯಲ್ಲಿ

ತಿಂಗಳಿಗೆ ಎರಡು ಪೋಸ್ಟ್ ಸಾಕು. ನಿಜವಾಗಲೂ ಸಾಕು. ಡೈರಿಯ ಟಿಪ್ಪಣಿಯನ್ನೇ ಸ್ವಲ್ಪ ಬಿಡಿಸಿ ಬರೆದರೆ ಒಂದು ಪೋಸ್ಟ್ ಆಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ಒಂದು ಪೋಸ್ಟ್‌ಗೆ 3,000 ಅಕ್ಷರದ ಮಿತಿ, ನಿಮಗೆ ಅದರ ಅರ್ಧವೂ ಬೇಕಾಗುವುದಿಲ್ಲ.

ಬರೆಯಲು ಹೆದರಿಕೆ ಅನ್ನುವವರು ಮೊದಲ ತಿಂಗಳು ಬರೀ ಪ್ರತಿಕ್ರಿಯೆ ಬರೆಯಿರಿ. ನಿಮ್ಮ ವಿಷಯದ ಬಗ್ಗೆ ಬೇರೆಯವರು ಬರೆದದ್ದಕ್ಕೆ ನಿಮ್ಮ ಅನುಭವದ ಮೂರು ಸಾಲು ಸೇರಿಸಿ. "ಗ್ರೇಟ್ ಪೋಸ್ಟ್ ಸರ್" ಲೆಕ್ಕಕ್ಕಿಲ್ಲ.

ಕನ್ನಡದಲ್ಲಿ ಬರೆಯಬೇಕಾ, ಇಂಗ್ಲಿಷ್‌ನಲ್ಲಾ? ಪ್ರೊಫೈಲ್ ಇಂಗ್ಲಿಷ್‌ನಲ್ಲಿ ಇರಲಿ, ನೇಮಕಾತಿಯವರು ಹುಡುಕುವುದು ಆ ಪದಗಳಿಂದ. ಪುರಾವೆಯ ಬರಹ ಮಾತ್ರ ಕನ್ನಡದಲ್ಲೂ ಒಂದಿರಲಿ ಅನ್ನುತ್ತೇನೆ. ಇದರಲ್ಲಿ ಭಾಷಾಭಿಮಾನಕ್ಕಿಂತ ಲೆಕ್ಕಾಚಾರವೇ ಜಾಸ್ತಿ. ಇಂಗ್ಲಿಷ್‌ನಲ್ಲಿ ಕ್ಲೌಡ್ ಸೆಕ್ಯುರಿಟಿ ಬಗ್ಗೆ ಬರೆದರೆ ಜಗತ್ತಿನ ಜೊತೆ ಪೈಪೋಟಿ. ಕನ್ನಡದಲ್ಲಿ ಬರೆದರೆ ಹುಡುಕಿದವರಿಗೆ ನೀವೇ ಸಿಗುತ್ತೀರಿ. ಇನ್ನೊಂದು ಲಾಭ ಇದೆ. ಇಂಗ್ಲಿಷ್‌ನಲ್ಲಿ ಅರ್ಥವಾಗದ ಪದವನ್ನೂ ಸುಮ್ನೆ ತೇಲಿಸಿಕೊಂಡು ಹೋಗಬಹುದು. ಕನ್ನಡದಲ್ಲಿ ವಿವರಿಸಲು ಕೂತಾಗ ಗೊತ್ತಾಗುತ್ತದೆ, ನಮಗೇ ಅರ್ಥವಾಗಿಲ್ಲ ಅಂತ. 2003ರಿಂದ ಇರುವ ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ಕ್ಷೇತ್ರದ ಲೇಖನ ತಿದ್ದುವುದು ಒಳ್ಳೆಯ ಅಭ್ಯಾಸ. ಆದರೆ ಅಲ್ಲಿ ನಿಮ್ಮ ಬಗ್ಗೆ ನೀವೇ ಪುಟ ಮಾಡಲು ಹೋಗಬೇಡಿ, ಅಳಿಸಿಹಾಕುತ್ತಾರೆ.

ಜನ ಎಡವುವ ಜಾಗಗಳು ಇವು:

ಹೊಸ ಕೆಲಸ ಸಿಕ್ಕ ಖುಷಿಗೆ ಆಫರ್ ಲೆಟರ್ ಅಥವಾ ಐಡಿ ಕಾರ್ಡ್ ಫೋಟೊ ಹಾಕುವುದು. ಉದ್ಯೋಗಿ ಸಂಖ್ಯೆ, ಬಾರ್‌ಕೋಡ್, ಸಹಿ ಎಲ್ಲ ಊರಿಗೆಲ್ಲ ಕಾಣುತ್ತದೆ. ಆಫೀಸ್ ಡೆಸ್ಕಿನ ಫೋಟೊದಲ್ಲಿ ಹಿಂದಿನ ವೈಟ್‌ಬೋರ್ಡ್, ಪಕ್ಕದ ಸ್ಕ್ರೀನ್ ನೋಡಿಕೊಳ್ಳಿ.

ಎಂಗೇಜ್‌ಮೆಂಟ್ ಪಾಡ್ ಸೇರುವುದು. ಅಂದರೆ "ನನ್ನದಕ್ಕೆ ನೀನು ಲೈಕ್ ಹಾಕು, ನಿನ್ನದಕ್ಕೆ ನಾನು" ಅನ್ನುವ ವಾಟ್ಸಾಪ್ ಗುಂಪು. ಅದೇ ಹತ್ತು ಜನ ಅದೇ ಮಾತು ಬರೆಯುವುದು ಯಾರ ಕಣ್ಣಿಗೂ ಕಾಣುತ್ತದೆ.

ಎಐ ಬರೆದದ್ದನ್ನು ಹಾಗೇ ಅಂಟಿಸುವುದು. ವ್ಯಾಕರಣ ತಿದ್ದಿಸಿಕೊಳ್ಳಿ, ತಪ್ಪಿಲ್ಲ. ಆದರೆ ಇಂಟರ್‌ವ್ಯೂನಲ್ಲಿ "ನಿಮ್ಮ ಪೋಸ್ಟ್ ಓದಿದೆ, ಈ ಭಾಗ ವಿವರಿಸಿ" ಅಂದಾಗ ಬಾಯಿ ಒಣಗಬಾರದು.

ಉಚಿತವಾಗಿ ಕೋರ್ಸೋ ವಸ್ತುವೋ ಪಡೆದು ಅದನ್ನು ಹೊಗಳುವುದು. ಹೊಗಳುವುದಾದರೆ ಅದು ಜಾಹೀರಾತು ಎಂದು ಸ್ಪಷ್ಟವಾಗಿ ಬರೆಯಬೇಕು. ಜಾಹೀರಾತು ಮಾನದಂಡ ಮಂಡಳಿ 2021ರಿಂದ ಇದಕ್ಕೆ ಮಾರ್ಗಸೂಚಿ ಇಟ್ಟಿದೆ.

ಹಳೆಯ ಬಾಸ್ ಬಗ್ಗೆ ಕಹಿ ಕಾರುವುದು. ಹೆಸರು ಬರೆಯದಿದ್ದರೂ ಯಾರೆಂದು ಎಲ್ಲರಿಗೂ ತಿಳಿಯುತ್ತದೆ, ನಿಮ್ಮ ಅನುಭವದ ಪಟ್ಟಿ ಪಕ್ಕದಲ್ಲೇ ಇದೆಯಲ್ಲ.

ಹಂತ 8: ಸ್ಕ್ರೀನಿನಿಂದ ಹೊರಗೆ ಬನ್ನಿ

ಹಿತ್ತಲ ಗಿಡ ಮದ್ದಲ್ಲ ಅನ್ನುವಂತೆ ಆಫೀಸಿನಲ್ಲಿ ನಿಮ್ಮ ಬೆಲೆ ತಿಳಿಯುವುದು ಕೆಲವೊಮ್ಮೆ ಹೊರಗಿನವರು ಹೇಳಿದ ಮೇಲೆಯೇ. ಹಾಗಾಗಿ ಹೊರಗೆ ಹೋಗಿ.

ಬೆಂಗಳೂರಿನಲ್ಲಿರುವ ಪೈಥಾನ್ ಪ್ರೋಗ್ರಾಮರ್‌ಗಳಿಗೆ ಬ್ಯಾಂಗ್‌ಪೈಪರ್ಸ್ ಗುಂಪು ಇದೆ. ಮುಕ್ತ ತಂತ್ರಾಂಶದವರಿಗೆ ಫಾಸ್ ಯುನೈಟೆಡ್ ಇದೆ. ಪೈಕಾನ್ ಇಂಡಿಯಾ ಸಮ್ಮೇಳನ 2009ರಲ್ಲಿ ಶುರುವಾದದ್ದೇ ಬೆಂಗಳೂರಿನಲ್ಲಿ. ಐಟಿ ಅಲ್ಲದವರು ನಿಮ್ಮ ವೃತ್ತಿ ಸಂಘದ ಸ್ಥಳೀಯ ಶಾಖೆ ಹುಡುಕಿ. ಮೊದಲ ಎರಡು ಸಲ ಕೇಳಿ ಬನ್ನಿ, ಮೂರನೇ ಸಲ ಐದು ನಿಮಿಷದ ಮಾತಿಗೆ ಹೆಸರು ಕೊಡಿ. ಚಿಕ್ಕ ಮಾತಿಗೆ ಲೈಟ್ನಿಂಗ್ ಟಾಕ್ ಅನ್ನುತ್ತಾರೆ. ಅದಕ್ಕೆ ಜನ ಸಿಗುವುದೇ ಕಷ್ಟ, ಹಾಗಾಗಿ ಅವಕಾಶ ಬೇಗ ಸಿಗುತ್ತದೆ.

ನಾಲ್ಕು ಜನರ ಮುಂದೆ ನಿಂತರೆ ಕಾಲು ನಡುಗುತ್ತದೆ ಅನ್ನುವವರು ಟೋಸ್ಟ್‌ಮಾಸ್ಟರ್ಸ್ ಕ್ಲಬ್ ನೋಡಿ. ಅಲ್ಲಿ ಮಾಮೂಲಿ ಭಾಷಣ 5ರಿಂದ 7 ನಿಮಿಷ. ಯಾರೋ ಗಡಿಯಾರ ಹಿಡಿದಿರುತ್ತಾರೆ, ಇನ್ಯಾರೋ ನೀವು ಎಷ್ಟು ಸಲ "ಆಂ" ಅಂದಿರಿ ಅಂತ ಎಣಿಸುತ್ತಾರೆ. ಮೊದಲ ದಿನ ಅವಮಾನ ಆದಂತಾಗುತ್ತದೆ, ಆಮೇಲೆ ಅದೇ ಇಷ್ಟವಾಗುತ್ತದೆ.

ರೆಕಮೆಂಡೇಶನ್, ಅಂದರೆ ನಿಮ್ಮ ಬಗ್ಗೆ ಜೊತೆಗಿದ್ದವರು ಬರೆಯುವ ನಾಲ್ಕು ಸಾಲು, ಕೇಳುವುದಕ್ಕೂ ಒಂದು ರೀತಿ ಇದೆ. ಸುಮ್ನೆ "ಒಂದು ರೆಕಮೆಂಡೇಶನ್ ಬರೀರಿ" ಅಂದರೆ ಅವರಿಗೂ ಏನು ಬರೆಯಬೇಕೆಂದು ಹೊಳೆಯುವುದಿಲ್ಲ. "ಮಾರ್ಚ್‌ನಲ್ಲಿ ಆ ಬಿಡುಗಡೆ ಸಮಯದಲ್ಲಿ ನಾವಿಬ್ಬರೂ ಸೇರಿ ಮಾಡಿದ ಕೆಲಸದ ಬಗ್ಗೆ ಮೂರು ಸಾಲು ಬರೆದರೆ ಸಾಕು" ಅನ್ನಿ. ನಿಮ್ಮ ಡೈರಿಯಲ್ಲಿ "ಜೊತೆಗೆ ಯಾರಿದ್ದರು" ಅನ್ನುವ ಸಾಲು ಇದೆಯಲ್ಲ, ಕೇಳಬೇಕಾದವರ ಪಟ್ಟಿ ಅದೇ. ಅವರು ಕೇಳುವ ಮುಂಚೆ ನೀವು ಅವರಿಗೆ ಬರೆದುಕೊಡಿ.

ಹಂತ 9: ಮೂರು ತಿಂಗಳ ನಂತರ

ಮತ್ತೆ ಇನ್‌ಕಾಗ್ನಿಟೊ ಕಿಟಕಿ ತೆರೆದು ಹೆಸರು ಹುಡುಕಿ. ಎರಡನೇ ಹಂತದಲ್ಲಿ ಕಂಡದ್ದಕ್ಕೂ ಈಗ ಕಂಡದ್ದಕ್ಕೂ ಏನು ವ್ಯತ್ಯಾಸ? ಮೊದಲ ಪುಟದಲ್ಲಿ ನಿಮ್ಮ ಪ್ರೊಫೈಲಾಗಲಿ, ಒಂದು ಪುರಾವೆಯಾಗಲಿ ಇಲ್ಲದಿದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ, ಹೆಸರು ಎಲ್ಲೋ ಬೇರೆ ಬೇರೆ ಆಗಿದೆ.

ಲೈಕ್ ಎಣಿಸಬೇಡಿ. ಬಂದ ಸಂದೇಶಗಳನ್ನು ನೋಡಿ. "ಹಾಯ್, ಕನೆಕ್ಟ್ ಆಗೋಣ" ಅನ್ನುವುದು ಲೆಕ್ಕಕ್ಕಿಲ್ಲ. "ನಿಮ್ಮ ಟ್ಯಾಂಕ್ ಲೆಕ್ಕ ನೋಡಿದೆ, ನಮ್ಮದು 40×60 ಸೈಟು, ಸ್ವಲ್ಪ ಹೇಳ್ತೀರಾ" ಅನ್ನುವಂಥದ್ದು ಮೂರು ತಿಂಗಳಲ್ಲಿ ಎರಡು ಬಂದಿದ್ದರೂ ನೀವು ಸರಿಯಾದ ದಾರಿಯಲ್ಲಿದ್ದೀರಿ. ಒಂದೂ ಬಂದಿಲ್ಲವೇ? ಪೋಸ್ಟ್ ಜಾಸ್ತಿ ಮಾಡಬೇಡಿ, ವಿಷಯವನ್ನು ಇನ್ನೂ ಕಿರಿದು ಮಾಡಿ.

ಕೊನೆಯದಾಗಿ, ಕೆಲಸ ಬಿಡುವವರಿಗೆ. ಲಿಂಕ್ಡ್‌ಇನ್, ಗಿಟ್‌ಹಬ್ ಖಾತೆಗಳನ್ನು ಆಫೀಸಿನ ಇಮೇಲ್‌ನಲ್ಲಿ ತೆರೆದಿದ್ದರೆ, ಕೊನೆಯ ದಿನಕ್ಕೆ ಮುಂಚೆಯೇ ನಿಮ್ಮ ಸ್ವಂತ ಇಮೇಲ್‌ಗೆ ಬದಲಿಸಿ. ಎರಡು ಹಂತದ ಲಾಗಿನ್‌ಗೆ ಆಫೀಸಿನ ಫೋನ್ ನಂಬರ್ ಕೊಟ್ಟಿದ್ದರೆ ಅದನ್ನೂ ಬದಲಿಸಿ. ಕೊನೆಯ ದಿನ ಸಂಜೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟ ಮೇಲೆ ಓಟಿಪಿ ಹೋಗುವುದು ನಿಮಗೆ ಸಿಗದ ಇನ್‌ಬಾಕ್ಸಿಗೆ.